ಕಬ್ಬಿನ ತೂಕದಿಂದ ಕಾಲುವೆಯ ಗೇಟಿನವರೆಗೆ: ಅಳತೆ ಬಲ್ಲವರಿಗೆ ಬರ

ಬೈಲಹೊಂಗಲ: ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರತಿವರ್ಷ ಮರುಕಳಿಸುವ ವಿವಾದಗಳನ್ನು ಪಟ್ಟಿ ಮಾಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಕಾರ್ಖಾನೆಯ ತೂಕದ ಸೇತುವೆಯಲ್ಲಿ ಕಬ್ಬಿನ ತೂಕ ಸರಿಯಾಗಿ ದಾಖಲಾಯಿತೇ? ಸಕ್ಕರೆ ಇಳುವರಿಯ ಪ್ರಮಾಣ ನಿಜವೇ? ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರೆಷ್ಟು, ಕಾಲುವೆಯ ಕೊನೆಗೆ ತಲುಪಿದ್ದೆಷ್ಟು? ಹೊಳೆಗೆ ನೀರು ಬಿಡುವ ಮುನ್ನ ನದಿಪಾತ್ರದ ಊರುಗಳಿಗೆ ಸಿಕ್ಕ ಕಾಲಾವಕಾಶವೆಷ್ಟು? ಮೇಲ್ನೋಟಕ್ಕೆ ಇವು ದರದ, ನೀರಿನ, ಪರಿಹಾರದ ಪ್ರಶ್ನೆಗಳು. ಆಳದಲ್ಲಿ ಇವೆಲ್ಲವೂ ಅಳತೆಯ ಪ್ರಶ್ನೆಗಳೇ ಆಗಿವೆ.

ಅಳೆಯುವುದು ಮತ್ತು ಅಳತೆಯ ಆಧಾರದ ಮೇಲೆ ಯಂತ್ರವನ್ನು ಅಂಕೆಯಲ್ಲಿಡುವುದು ಒಂದು ಪ್ರತ್ಯೇಕ ಶಾಸ್ತ್ರ. ಎಂಜಿನಿಯರಿಂಗ್ ಪರಿಭಾಷೆಯಲ್ಲಿ ಅದನ್ನು ಇನ್‌ಸ್ಟ್ರುಮೆಂಟೇಶನ್ ಅಂಡ್ ಕಂಟ್ರೋಲ್ ಎನ್ನಲಾಗುತ್ತದೆ. ಕಂಪ್ಯೂಟರ್ ಸೈನ್ಸ್‌ನ ಅಬ್ಬರದಲ್ಲಿ ಈ ವಿಭಾಗದ ಹೆಸರನ್ನೇ ಕೇಳದ ವಿದ್ಯಾರ್ಥಿಗಳು ಬಹಳಷ್ಟಿದ್ದಾರೆ. ಆದರೆ ಈ ನಾಲ್ಕು ತಾಲ್ಲೂಕುಗಳ ಆರ್ಥಿಕತೆ ನಿಂತಿರುವುದೇ ಈ ಶಾಸ್ತ್ರದ ಮೇಲೆ ಎಂದರೆ ಅತಿಶಯೋಕ್ತಿಯಾಗಲಾರದು.

ತೂಕ, ಇಳುವರಿ ಮತ್ತು ದರ

ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಬೈಲಹೊಂಗಲದ ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ ಸೇರಿದಂತೆ ಈ ಭಾಗದಲ್ಲಿ ಸಹಕಾರಿ ಹಾಗೂ ಖಾಸಗಿ ಕಾರ್ಖಾನೆಗಳು ಹಲವಿವೆ. ರಾಮದುರ್ಗ ತಾಲ್ಲೂಕಿನ ಖಾನಪೇಟೆ, ಉದಪುಡಿಗಳಲ್ಲೂ ಕಾರ್ಖಾನೆಗಳು ತಲೆಯೆತ್ತಿವೆ. ಕಬ್ಬು ನುರಿಸುವ ಹಂಗಾಮು ಆರಂಭವಾಗುತ್ತಿದ್ದಂತೆ ದರದ ಹೋರಾಟವೂ ಆರಂಭವಾಗುವುದು ವಾಡಿಕೆ. 2025ರ ನವೆಂಬರ್ ಮೊದಲ ವಾರದಲ್ಲಿ ಇದೇ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಟನ್‌ಗೆ 3,500 ರೂಪಾಯಿ ದರಕ್ಕೆ ಆಗ್ರಹಿಸಿ ನಡೆದ ಧರಣಿ ರಾಜ್ಯದ ಗಮನ ಸೆಳೆಯಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು 3,300 ರೂಪಾಯಿಯ ಸೂತ್ರ ಪ್ರಕಟಿಸಿದರು. ಆ ಸೂತ್ರವೂ ಇಳುವರಿಯ ಪ್ರಮಾಣಕ್ಕೆ ಬೆಸೆದುಕೊಂಡೇ ಇತ್ತು ಎಂಬುದು ಗಮನಾರ್ಹ.

ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಸಮ್ಮತ ಹಾಗೂ ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಸಂಪೂರ್ಣವಾಗಿ ಅಳತೆಯನ್ನೇ ಆಧರಿಸಿದೆ. 2025-26ರ ಹಂಗಾಮಿಗೆ ಶೇ. 10.25ರ ಮೂಲ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಗೊತ್ತುಪಡಿಸಲಾಯಿತು. ಅದಕ್ಕಿಂತ ಪ್ರತಿ ಶೇ. 0.1ರಷ್ಟು ಹೆಚ್ಚಿನ ಇಳುವರಿಗೆ 3.46 ರೂಪಾಯಿ ಏರಿಕೆ, ಕಡಿಮೆಯಾದರೆ ಅಷ್ಟೇ ಇಳಿಕೆ. ಇಳುವರಿ ಶೇ. 9.5ಕ್ಕಿಂತ ಕೆಳಗಿಳಿದರೂ ರೈತನಿಗೆ 329.05 ರೂಪಾಯಿ ದೊರೆಯಲೇಬೇಕು.

ಈ ಲೆಕ್ಕವನ್ನು ಊರಿನ ಮಟ್ಟಕ್ಕೆ ಇಳಿಸಿ ನೋಡಬಹುದು. ಶೇ. 0.1ರ ವ್ಯತ್ಯಾಸವೆಂದರೆ ಟನ್‌ಗೆ 34.60 ರೂಪಾಯಿ. ದಿನಕ್ಕೆ 5,000 ಟನ್‌ನಂತೆ 150 ದಿನ ನುರಿಸುವ ಕಾರ್ಖಾನೆಯೊಂದು ಒಟ್ಟು 7.5 ಲಕ್ಷ ಟನ್ ಕಬ್ಬು ಅರೆದರೆ, ದಶಮಾಂಶದ ಆಚೆಗಿನ ಆ ಒಂದು ಅಂಕಿಯ ಬೆಲೆ ಸುಮಾರು 2.6 ಕೋಟಿ ರೂಪಾಯಿ. ಅದು ರೈತರ ಮನೆ ಸೇರಬೇಕೋ ಕಾರ್ಖಾನೆಯಲ್ಲಿ ಉಳಿಯಬೇಕೋ ಎಂಬುದನ್ನು ತೀರ್ಮಾನಿಸುವುದು ಪ್ರಯೋಗಾಲಯದ ಪೋಲಾರಿಮೀಟರ್, ರಿಫ್ರ್ಯಾಕ್ಟೋಮೀಟರ್, ರಸದ ಪ್ರಮಾಣ ಅಳೆಯುವ ಫ್ಲೋಮೀಟರ್ ಹಾಗೂ ತೂಕದ ಯಂತ್ರಗಳು. ಪೋಲಾರಿಮೀಟರ್ ರಸದಲ್ಲಿರುವ ಸಕ್ಕರೆಯ ಅಂಶವನ್ನು, ರಿಫ್ರ್ಯಾಕ್ಟೋಮೀಟರ್ ಕರಗಿರುವ ಒಟ್ಟು ಘನಾಂಶವನ್ನು ತಿಳಿಸುತ್ತದೆ. ಕಬ್ಬಿನಲ್ಲಿದ್ದ ಸಕ್ಕರೆ ಚೀಲಕ್ಕೆ ಬಂದದ್ದೆಷ್ಟು, ಸಿಪ್ಪೆಯಲ್ಲಿ ಹೋದದ್ದೆಷ್ಟು, ಕಾಕಂಬಿಯಲ್ಲಿ ಉಳಿದದ್ದೆಷ್ಟು ಎಂಬ ಜಮಾಖರ್ಚು ಈ ಉಪಕರಣಗಳ ಮೇಲೆಯೇ ನಿಂತಿದೆ.

ತೂಕದ ಸೇತುವೆಯ ಕಥೆಯೂ ಭಿನ್ನವಲ್ಲ. ಸೇತುವೆಯ ಅಡಿಯಲ್ಲಿರುವ ಲೋಡ್ ಸೆಲ್ ಎಂಬ ಉಕ್ಕಿನ ತುಂಡು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಅದಕ್ಕೆ ಅಂಟಿಸಿದ ಸ್ಟ್ರೇನ್‌ಗೇಜ್ ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಒಂದು ಸೆಲ್ ಕೆಟ್ಟರೂ, ಸೇತುವೆಯ ಸಂದಿಗೆ ಕೆಸರು ತುಂಬಿದರೂ ಅಂಕಿ ತಪ್ಪುತ್ತದೆ. 20 ಟನ್ ಕಬ್ಬಿನ ಲೋಡ್‌ನಲ್ಲಿ ಶೇ. 1ರ ದೋಷವೆಂದರೆ 200 ಕಿಲೋ. ಟನ್‌ಗೆ 3,550 ರೂಪಾಯಿಯಂತೆ ಒಂದೇ ಖೇಪಿಗೆ 710 ರೂಪಾಯಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಇಂತಹ ಯಂತ್ರಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆ ಹಾಕುವುದು ಕಡ್ಡಾಯ. ಆದರೆ ಮುದ್ರೆ ಬಿದ್ದ ದಿನದ ಸ್ಥಿತಿಯೇ ಹಂಗಾಮಿನುದ್ದಕ್ಕೂ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಅದನ್ನು ಕಾಯುವುದು ಪ್ರತಿದಿನದ ಕೆಲಸ. ರೈತ ಸಂಘಟನೆಗಳು ಎತ್ತುತ್ತಿರುವ ತೂಕದ ದೂರಿಗೆ ಪೊಲೀಸ್ ಬಂದೋಬಸ್ತ್ ಉತ್ತರವಲ್ಲ. ಇಬ್ಬರೂ ನಂಬಬಹುದಾದ ಅಳತೆಯೇ ಅದಕ್ಕೆ ಉತ್ತರ.

ಶಾಸ್ತ್ರದ ಹಿನ್ನೆಲೆ

ನಿಯಂತ್ರಣ ಶಾಸ್ತ್ರದ ಮೂಲತತ್ವ ಸರಳ. ಅಳೆಯಬೇಕು, ಬೇಕಾದ ಪ್ರಮಾಣದೊಂದಿಗೆ ಹೋಲಿಸಬೇಕು, ವ್ಯತ್ಯಾಸವಿದ್ದರೆ ತಿದ್ದಬೇಕು. 1788ರಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರದ ವೇಗವನ್ನು ಹದದಲ್ಲಿಡಲು ತಿರುಗುವ ಗುಂಡುಗಳ ಗವರ್ನರ್ ಅಳವಡಿಸಿದ. ಅದು ಏಕೆ ಕೆಲವೊಮ್ಮೆ ಹದತಪ್ಪಿ ಓಲಾಡುತ್ತದೆ ಎಂಬುದಕ್ಕೆ 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದ ವಿವರಣೆ ನೀಡಿದ. ಹಡಗಿನ ಚುಕ್ಕಾಣಿ ಹಿಡಿಯುವ ನಾವಿಕರನ್ನು ಗಮನಿಸಿದ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಇಂದಿನ ಪಿಐಡಿ ನಿಯಂತ್ರಣಕ್ಕೆ ತಳಹದಿ ಹಾಕಿದ. ಈಗಿನ ದೋಷ, ಈವರೆಗೆ ಕೂಡಿಕೊಂಡ ದೋಷ, ದೋಷ ಬದಲಾಗುತ್ತಿರುವ ವೇಗ ಈ ಮೂರನ್ನೂ ಪರಿಗಣಿಸಿ ತಿದ್ದುವ ವಿಧಾನವದು. 1942ರಲ್ಲಿ ಝೀಗ್ಲರ್ ಮತ್ತು ನಿಕಲ್ಸ್ ಅದನ್ನು ಹೊಂದಿಸುವ ಪ್ರಾಯೋಗಿಕ ನಿಯಮ ನೀಡಿದರು. 1960ರ ದಶಕದ ಕೊನೆಗೆ ಪಿಎಲ್‌ಸಿ, 1975ರಲ್ಲಿ ಡಿಸಿಎಸ್ ಬಂದ ಮೇಲೆ ಕಾರ್ಖಾನೆಗಳ ನಿಯಂತ್ರಣ ಕೊಠಡಿಯ ಸ್ವರೂಪವೇ ಬದಲಾಯಿತು.

ಈ ಶಾಸ್ತ್ರದ ವಿವೇಕವನ್ನು ತೋರಿಸಲು ಒಂದು ಸಣ್ಣ ಸಂಗತಿ ಸಾಕು. ಕಾರ್ಖಾನೆಗಳಲ್ಲಿ ಉಷ್ಣತೆ, ಒತ್ತಡ, ಮಟ್ಟಗಳ ಅಳತೆ ನಿಯಂತ್ರಣ ಕೊಠಡಿಗೆ ತಲುಪುವುದು 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ ಪ್ರವಾಹದ ರೂಪದಲ್ಲಿ. ಸೊನ್ನೆಯಿಂದ ಏಕೆ ಆರಂಭಿಸಲಿಲ್ಲ? ತೊಟ್ಟಿ ಖಾಲಿಯಾಗಿದ್ದರೆ 4 ಬರುತ್ತದೆ, ತಂತಿ ತುಂಡಾಗಿದ್ದರೆ ಸೊನ್ನೆ ಬರುತ್ತದೆ. ಅಂದರೆ ‘ಏನೂ ಇಲ್ಲ’ ಎಂಬ ಸುದ್ದಿಗೂ ‘ಸುದ್ದಿಯೇ ಇಲ್ಲ’ ಎಂಬ ಸ್ಥಿತಿಗೂ ಇರುವ ಅಂತರವನ್ನು ಉಪಕರಣವೇ ತಿಳಿಸಬೇಕು. ಸಾರ್ವಜನಿಕ ಆಡಳಿತಕ್ಕೂ ಅನ್ವಯಿಸುವ ಪಾಠವಿದು.

ಬಾಯ್ಲರ್ ಮುಂದಿನ ಜೀವಗಳು

ಸಕ್ಕರೆ ಕಾರ್ಖಾನೆ ಇಂದು ಕೇವಲ ಸಕ್ಕರೆ ಮಾಡುವ ಸ್ಥಳವಾಗಿ ಉಳಿದಿಲ್ಲ. ಸಿಪ್ಪೆ ಉರಿಸಿ ವಿದ್ಯುತ್ ಉತ್ಪಾದಿಸುವ ಸಹ ವಿದ್ಯುತ್ ಘಟಕ, ಎಥೆನಾಲ್ ತಯಾರಿಸುವ ಡಿಸ್ಟಿಲರಿ ಅದಕ್ಕೆ ಜೋಡಣೆಯಾಗಿವೆ. ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಇದರೊಂದಿಗೆ ಅಪಾಯದ ಸ್ವರೂಪವೂ ಬದಲಾಗಿದೆ. ಅಧಿಕ ಒತ್ತಡದ ಬಾಯ್ಲರ್ ಮತ್ತು ಬೇಗ ಹೊತ್ತಿಕೊಳ್ಳುವ ಆವಿ ಇವೆರಡೂ ಒಂದೇ ಆವರಣದಲ್ಲಿವೆ.

ಬಾಯ್ಲರ್‌ನ ಡ್ರಮ್‌ನಲ್ಲಿ ನೀರಿನ ಮಟ್ಟ ಕಾಯುವ ಕೆಲಸವನ್ನೇ ಗಮನಿಸಬಹುದು. ಮಟ್ಟ ತೀರಾ ಇಳಿದರೆ ಕೊಳವೆಗಳು ಕಾದು ಸಿಡಿಯುತ್ತವೆ, ತೀರಾ ಏರಿದರೆ ನೀರು ಟರ್ಬೈನ್‌ಗೆ ನುಗ್ಗುತ್ತದೆ. ಆದರೆ ಮಟ್ಟವೇ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಉಗಿಯ ಬೇಡಿಕೆ ಹಠಾತ್ತನೆ ಹೆಚ್ಚಿದಾಗ ಒತ್ತಡ ಕುಸಿದು ನೀರಿನೊಳಗಿನ ಗುಳ್ಳೆಗಳು ಹಿಗ್ಗುತ್ತವೆ. ನೀರು ಕಡಿಮೆಯಾಗುತ್ತಿದ್ದರೂ ಮಟ್ಟ ಏರಿದಂತೆ ತೋರುತ್ತದೆ. ಮಟ್ಟವೊಂದನ್ನೇ ನಂಬಿದ ಯಂತ್ರ ಆ ಹೊತ್ತಿನಲ್ಲಿ ನೀರು ಕಡಿತ ಮಾಡಿದರೆ ಅನಾಹುತ ಖಚಿತ. ಆದ್ದರಿಂದಲೇ ಮಟ್ಟ, ಹೊರಹೋಗುವ ಉಗಿ, ಒಳಬರುವ ನೀರು ಈ ಮೂರನ್ನೂ ಅಳೆದು ನಿರ್ಧರಿಸುವ ವ್ಯವಸ್ಥೆ ರೂಢಿಗೆ ಬಂದಿದೆ. ಇದನ್ನು ಬಲ್ಲ ತಂತ್ರಜ್ಞ ಪಾಳಿಯಲ್ಲಿದ್ದಾನೆಯೇ ಎಂಬುದು ಬಾಯ್ಲರ್ ಮುಂದೆ ನಿಂತ ಕಾರ್ಮಿಕನ ಜೀವದ ಪ್ರಶ್ನೆ.

1923ರ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಆದರೆ ಕಾಯ್ದೆ ಕೇಳುವುದು ದಾಖಲೆಯನ್ನು. ಸುರಕ್ಷತಾ ಸಾಧನ ಆಪತ್ತಿನ ಕ್ಷಣದಲ್ಲಿ ಕೆಲಸ ಮಾಡುತ್ತದೆಯೇ ಎಂಬುದು ನಿಯಮಿತ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಹಂಗಾಮಿನ ಒತ್ತಡದಲ್ಲಿ ಪದೇ ಪದೇ ಕೂಗುವ ಎಚ್ಚರಿಕೆ ಗಂಟೆಯನ್ನು ಬಂದ್ ಮಾಡುವ ಪ್ರವೃತ್ತಿ ಜಗತ್ತಿನ ಎಲ್ಲ ಕಾರ್ಖಾನೆಗಳಲ್ಲೂ ಕಂಡುಬಂದಿರುವ ರೋಗ. ಅದನ್ನು ತಡೆಯುವ ಧೈರ್ಯ ತರಬೇತಿಯಿಂದ ಬರುವಂಥದ್ದು.

ಕನಕುಂಬಿಯ ಮಳೆ, ರಾಮದುರ್ಗದ ನೆರೆ

ಖಾನಾಪುರ ತಾಲ್ಲೂಕಿನ ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಉಂಟಾದ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ, ಗರಿಷ್ಠ ಮಟ್ಟ 2,079.50 ಅಡಿ. ಎರಡು ಲಕ್ಷ ಹೆಕ್ಟೇರಿಗೂ ಮಿಗಿಲಾದ ಅಚ್ಚುಕಟ್ಟಿನ ಜೊತೆಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕುಡಿಯುವ ನೀರಿಗೂ ಇದೇ ಆಧಾರ.

ಜಲಾಶಯ ನಿರ್ವಹಣೆಯ ಸಂಕಟ ಎರಡು ಬಗೆಯದು. ಮಳೆಗಾಲದಲ್ಲಿ ಬೇಗ ತುಂಬಿಸಿಕೊಳ್ಳದಿದ್ದರೆ ಬೇಸಿಗೆಯಲ್ಲಿ ಕೊರತೆ. ತುಂಬಿಸಿಕೊಂಡ ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ಹೊಳೆಗೆ ಒಮ್ಮೆಲೇ ನೀರು ಬಿಡುವ ಅನಿವಾರ್ಯತೆ. 2019ರ ಆಗಸ್ಟ್‌ನಲ್ಲಿ ಸಂಭವಿಸಿದ್ದು ಇದೇ. ಮುನವಳ್ಳಿಯಿಂದ ರಾಮದುರ್ಗದವರೆಗೆ ನದಿದಂಡೆಯ ಜನ ಮನೆಮಠ ತೊರೆಯಬೇಕಾಯಿತು. ರಾಮದುರ್ಗ ತಾಲ್ಲೂಕಿನ ನೇಕಾರರ ಮಗ್ಗಗಳೂ ನೀರುಪಾಲಾದವು.

ನಿಯಂತ್ರಣ ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿ ಎರಡು ಮಾರ್ಗಗಳಿವೆ. ಜಲಾಶಯದ ಮಟ್ಟ ಏರಿದ ಮೇಲೆ ಗೇಟು ತೆರೆಯುವುದು ಒಂದು. ಇದು ಆದದ್ದನ್ನು ತಿದ್ದುವ ವಿಧಾನ. ಕನಕುಂಬಿ, ಜಾಂಬೋಟಿಗಳಲ್ಲಿ ಬಿದ್ದ ಮಳೆಯನ್ನು ಆ ಕ್ಷಣವೇ ತಿಳಿದು, ನೀರು ಜಲಾಶಯಕ್ಕೆ ತಲುಪುವ ಮುನ್ನವೇ ಸ್ವಲ್ಪ ಸ್ವಲ್ಪವಾಗಿ ಜಾಗ ಮಾಡಿಕೊಳ್ಳುವುದು ಇನ್ನೊಂದು. ಇದು ಬರುವುದನ್ನು ಅಂದಾಜಿಸಿ ನಡೆಯುವ ವಿಧಾನ. ಎರಡನೆಯದಕ್ಕೆ ಬೇಕಾದದ್ದು ಘಟ್ಟದ ಕಾಡಿನಲ್ಲಿ ಮಳೆಗಾಲವಿಡೀ ಕೆಡದೆ ಮಾಹಿತಿ ಕಳಿಸುವ ಮಳೆಮಾಪಕಗಳು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಜಲವಿಜ್ಞಾನ ಯೋಜನೆ ಇಂತಹ ಸ್ವಯಂಚಾಲಿತ ಕೇಂದ್ರಗಳಿಗೆ ಒತ್ತು ನೀಡಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಂತೂ ಅಣೆಕಟ್ಟೆಗಳಲ್ಲಿ ಅಗತ್ಯ ಉಪಕರಣಗಳನ್ನು ಅಳವಡಿಸಿ, ಅವುಗಳ ಅಂಕಿಅಂಶ ದಾಖಲಿಸಿ ವಿಶ್ಲೇಷಿಸುವ ಹೊಣೆಯನ್ನು ಮಾಲೀಕರ ಮೇಲೆ ಕಾನೂನಾಗಿಯೇ ಹೊರಿಸಿದೆ.

ಈ ಹೊಣೆಯ ಮಹತ್ವ ಏನೆಂಬುದನ್ನು ತುಂಗಭದ್ರಾ ತೋರಿಸಿಕೊಟ್ಟಿತು. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ಹೊಳೆಗೆ ಬಿಟ್ಟು, ತಾತ್ಕಾಲಿಕ ತಡೆ ಅಳವಡಿಸಲು ಸುಮಾರು ಒಂದು ವಾರ ಹಿಡಿಯಿತು. ಲೋಹ ಸವೆಯುವುದು ಒಂದು ರಾತ್ರಿಯಲ್ಲಿ ಅಲ್ಲ. ಸವೆತವನ್ನು ನೋಡುವ ಕಣ್ಣು ಬೇಕಾಗುತ್ತದೆ, ಅಷ್ಟೆ.

ಕೊನೆಯ ಹೊಲದ ರೈತ

ಮಲಪ್ರಭಾ ಅಚ್ಚುಕಟ್ಟಿನ ಇತಿಹಾಸದಲ್ಲಿ 1980ರ ಜುಲೈ 21 ಮರೆಯಲಾಗದ ದಿನ. ನೀರೇ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ, ನೀರಿನ ಕರ ವಿಧಿಸಿದ್ದರ ವಿರುದ್ಧ ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ರಾಜ್ಯದ ರೈತ ಚಳವಳಿಗೆ ಹೊಸ ತಿರುವು ನೀಡಿದ ಆ ಘಟನೆಯ ಬೇರಿನಲ್ಲಿದ್ದುದು ಒಂದು ಸರಳ ಪ್ರಶ್ನೆ: ದಾಖಲೆಯಲ್ಲಿ ಹರಿದ ನೀರು ಹೊಲದಲ್ಲಿ ಹರಿಯಿತೇ?

ಆ ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಕಾಲುವೆಯ ತಲೆಭಾಗದವರು ಹೆಚ್ಚು ಪಡೆದಷ್ಟೂ ಕೊನೆಭಾಗದವರಿಗೆ ಕೊರತೆ. ನಡುವೆ ಎಲ್ಲಿ, ಎಷ್ಟು ಸೋರಿತು ಎಂಬುದಕ್ಕೆ ವಿತರಣಾ ಕಾಲುವೆಗಳ ಮಟ್ಟದಲ್ಲಿ ನಂಬಲರ್ಹ ಅಳತೆ ಬೇಕು. ಈ ದಿಸೆಯಲ್ಲಿ ರಾಜ್ಯದ ದೊಡ್ಡ ಪ್ರಯೋಗ ನಡೆದಿರುವುದು ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಸುಮಾರು 4.5 ಲಕ್ಷ ಹೆಕ್ಟೇರಿಗೆ ನೀರುಣಿಸುವ, 10,000 ಕ್ಯೂಸೆಕ್ ಸಾಮರ್ಥ್ಯದ ಈ ಕಾಲುವೆ ಜಾಲದ ಆಧುನೀಕರಣದಲ್ಲಿ ದೂರದಿಂದಲೇ ಗೇಟುಗಳನ್ನು ನಿಯಂತ್ರಿಸುವ ಸ್ಕಾಡಾ ತಂತ್ರಜ್ಞಾನ ಅಳವಡಿಸಲಾಯಿತು. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು.

ಮಲಪ್ರಭೆಗೆ ಇದರ ಪ್ರಸ್ತುತತೆ ಎಷ್ಟೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ನೀಡಿದ ಐತೀರ್ಪಿನಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ಹಂಚಿಕೆಯಾಗಿದೆ. ದಶಕಗಳ ಹೋರಾಟದ ನಂತರವೂ ಆ ನೀರು ಇನ್ನೂ ಹರಿದು ಬಂದಿಲ್ಲ. ಕಾಲುವೆಗಳಿಗೆ ಒಂದು ವರ್ಷ 20 ಟಿಎಂಸಿ ಬಿಡಲಾಯಿತು ಎಂದು ಭಾವಿಸಿದರೆ, ಅಳತೆಯಲ್ಲಿ ಹಾಗೂ ಹಂಚಿಕೆಯಲ್ಲಿ ಶೇ. 10 ಜಾರಿಹೋದರೂ ಅದು 2 ಟಿಎಂಸಿ. ಅಂದರೆ ಹೆಚ್ಚುಕಡಿಮೆ ಒಂದು ಬಂಡೂರಿ ನಾಲೆಯಷ್ಟು ನೀರು. ನೆರೆ ರಾಜ್ಯದೊಂದಿಗೆ ಹಕ್ಕಿಗಾಗಿ ಹೋರಾಡುವುದು ಎಷ್ಟು ನ್ಯಾಯವೋ, ಕೈಯಲ್ಲಿರುವ ನೀರನ್ನು ಲೆಕ್ಕವಿಟ್ಟು ಬಳಸುವುದೂ ಅಷ್ಟೇ ನ್ಯಾಯ.

ಆದರೆ ಸ್ಕಾಡಾ ಎಂಬುದು ಮಂತ್ರದಂಡವಲ್ಲ. ಹೊಲದ ಬದಿಯ ಸಂವೇದಕಕ್ಕೆ ಹೂಳು ಕಟ್ಟುತ್ತದೆ, ಬ್ಯಾಟರಿ ಸೊರಗುತ್ತದೆ, ಸೌರಫಲಕ ಕಳುವಾಗುತ್ತದೆ, ಗೇಟಿನ ಮೋಟಾರಿಗೆ ತುಕ್ಕು ಹಿಡಿಯುತ್ತದೆ. ಗುತ್ತಿಗೆದಾರನ ನಿರ್ವಹಣಾ ಅವಧಿ ಮುಗಿದ ಮೇಲೆ ಅದನ್ನು ನಡೆಸುವವರು ಯಾರು ಎಂಬುದನ್ನು ಟೆಂಡರ್ ಕರೆಯುವ ಮುನ್ನವೇ ನಿರ್ಧರಿಸದಿದ್ದರೆ, ಕೋಟ್ಯಂತರ ರೂಪಾಯಿಯ ಉಪಕರಣ ಕಾಲುವೆ ಬದಿಯ ಪೆಟ್ಟಿಗೆಯಾಗಿ ಉಳಿಯುತ್ತದೆ.

ಗುಡ್ಡದ ಮೇಲೆ ಹೊಸ ಬೇಡಿಕೆ

ಸವದತ್ತಿ ಸುತ್ತಲಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳ ಸಾಲು. ಪ್ರತಿ ಯಂತ್ರವೂ ಗಾಳಿಯ ದಿಕ್ಕು, ವೇಗ, ಕಂಪನ, ಉಷ್ಣತೆಗಳನ್ನು ಸದಾ ಅಳೆಯುತ್ತಾ, ತನ್ನ ರೆಕ್ಕೆಗಳ ಕೋನವನ್ನು ತಾನೇ ಹೊಂದಿಸಿಕೊಳ್ಳುವ ಒಂದು ಪುಟ್ಟ ನಿಯಂತ್ರಣ ಕೇಂದ್ರ. ಇದರ ಮುಂದಿನ ಹಂತವಾಗಿ ರೇಣುಕಾಸಾಗರವನ್ನೇ ಕೆಳ ಜಲಾಶಯವನ್ನಾಗಿ ಬಳಸಿಕೊಂಡು, ಗುಡ್ಡದ ಮೇಲೆ ಹೊಸ ಜಲಾಶಯ ನಿರ್ಮಿಸುವ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ. ಗ್ರೀನ್‌ಕೋ ಸಂಸ್ಥೆಯ ಈ ಯೋಜನೆಯನ್ನು ಮೊದಲು 1,260 ಮೆಗಾವ್ಯಾಟ್‌ಗೆ ಯೋಜಿಸಿ, ಬಳಿಕ 1,600 ಮೆಗಾವ್ಯಾಟ್‌ಗೆ ಏರಿಸಲಾಯಿತು. ಹಗಲಿನ ಸೌರಶಕ್ತಿ, ಗಾಳಿಯ ವಿದ್ಯುತ್ ಹೆಚ್ಚಾದಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗಿಳಿಸಿ ವಿದ್ಯುತ್ ಪಡೆಯುವುದು ಇದರ ತತ್ವ. ಕೆಲವೇ ನಿಮಿಷಗಳಲ್ಲಿ ಪಂಪ್ ಟರ್ಬೈನ್ ಆಗಬೇಕು. ಮನುಷ್ಯನ ಕೈಯಿಂದ ಆಗುವ ಕೆಲಸ ಇದಲ್ಲ.

ಯೋಜನೆಗೆ ನೆಲ ಕೊಡುವ ಊರಿನ ಮಕ್ಕಳಿಗೆ ಅಲ್ಲಿ ಕಾವಲುಗಾರನ ಕೆಲಸ ಸಿಗುತ್ತದೆಯೋ, ನಿಯಂತ್ರಣ ಕೊಠಡಿಯ ಕುರ್ಚಿ ಸಿಗುತ್ತದೆಯೋ? ಈ ಪ್ರಶ್ನೆಗೆ ಉತ್ತರ ಅವರು ಏನು ಓದಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಓದುವವರು ಯಾರು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಇದೇ ಬೆಳಗಾವಿಯಲ್ಲಿ. 1998ರಲ್ಲಿ ಅದು ಸ್ಥಾಪನೆಯಾದಾಗ ಉತ್ತರ ಕರ್ನಾಟಕದ ಕೈಗಾರಿಕೆಗೆ ಬಲ ಬರುವ ನಿರೀಕ್ಷೆಯಿತ್ತು. ಎಲೆಕ್ಟ್ರಾನಿಕ್ಸ್ ಅಂಡ್ ಇನ್‌ಸ್ಟ್ರುಮೆಂಟೇಶನ್ ವಿಭಾಗ ಇಂದು ರಾಜ್ಯದ ಬೆರಳೆಣಿಕೆಯ ಕಾಲೇಜುಗಳಿಗೆ ಸೀಮಿತ. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024-25ರಿಂದ ಉತ್ತಮ ಸಾಧನೆಯ ಕಾಲೇಜುಗಳಿಗೆ ಸಡಿಲಿಸಿದ ಬಳಿಕ ಕಂಪ್ಯೂಟರ್ ಸಂಬಂಧಿ ಕೋರ್ಸ್‌ಗಳ ಸೀಟು ಇನ್ನಷ್ಟು ಹಿಗ್ಗಿದವು. ಬೇಡಿಕೆ ಇಲ್ಲವೆಂದು ಕಾಲೇಜುಗಳು ಮೂಲ ವಿಭಾಗಗಳನ್ನು ಕೈಬಿಡುತ್ತವೆ, ಕಾಲೇಜುಗಳಲ್ಲಿ ಇಲ್ಲವೆಂದು ವಿದ್ಯಾರ್ಥಿಗಳು ಮರೆಯುತ್ತಾರೆ. ಈ ವರ್ತುಲ ತಾನಾಗಿ ಮುರಿಯುವಂಥದ್ದಲ್ಲ.

ಆದರೆ ಈ ಕ್ಷೇತ್ರಕ್ಕೆ ಪ್ರವೇಶಿಸಲು ನಾಲ್ಕು ವರ್ಷದ ಪದವಿಯೇ ಬೇಕೆಂದಿಲ್ಲ. ಐಟಿಐನಲ್ಲಿ ಎರಡು ವರ್ಷದ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ವೃತ್ತಿ ತರಬೇತಿ ಇದೆ. ಮೂರು ವರ್ಷದ ಡಿಪ್ಲೊಮಾ ಇದೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಓದಿದವರೂ ಪಿಎಲ್‌ಸಿ ಪ್ರೋಗ್ರಾಮಿಂಗ್, ಕ್ಯಾಲಿಬ್ರೇಶನ್ ಕಲಿತು ಇತ್ತ ಬರಬಹುದು. ಪದವೀಧರರಿಗೆ ಗೇಟ್ ಪರೀಕ್ಷೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಪ್ರತ್ಯೇಕ ವಿಷಯವಾಗಿಯೇ ಇದೆ. ಸಾರ್ವಜನಿಕ ವಲಯದ ತೈಲ, ವಿದ್ಯುತ್ ಸಂಸ್ಥೆಗಳಿಗೆ ಅದೊಂದು ಹೆಬ್ಬಾಗಿಲು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ಐಟಿಐಗಳನ್ನು 2022ರ ಜೂನ್‌ನಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ಸ್ವಯಂಚಾಲನೆ ಹಾಗೂ ರೋಬಾಟಿಕ್ಸ್ ತರಬೇತಿಗೆ ಅಲ್ಲಿ ಸಾಧನಗಳಿವೆ. ಅವು ಸುತ್ತಲಿನ ಕಾರ್ಖಾನೆಗಳ ಅಗತ್ಯಕ್ಕೆ ಜೋಡಣೆಯಾಗಬೇಕಿದೆ.

ಉದ್ಯೋಗವೂ ದೂರದಲ್ಲಿಲ್ಲ. ಹೈಡ್ರಾಲಿಕ್ ವಾಲ್ವ್‌ಗಳಿಗೆ ಹೆಸರಾದ ಬೆಳಗಾವಿಯ ಪಾಲಿಹೈಡ್ರಾನ್, ಸರ್ವೋ ತಂತ್ರಜ್ಞಾನದ ಸರ್ವೋಕಂಟ್ರೋಲ್ಸ್, ಹುಬ್ಬಳ್ಳಿಯ ಮೈಕ್ರೋಫಿನಿಶ್ ವಾಲ್ವ್ಸ್‌ನಂತಹ ಸಂಸ್ಥೆಗಳು ಈ ನೆಲದಲ್ಲೇ ಬೆಳೆದಿವೆ. ಕಿತ್ತೂರಿನ ಪಕ್ಕದಲ್ಲೇ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಇದೆ. ರಾಜ್ಯದೊಳಗೆ ನೋಡಿದರೆ ತೋರಣಗಲ್ಲಿನ ಉಕ್ಕು, ಮಂಗಳೂರಿನ ತೈಲ ಸಂಸ್ಕರಣೆ, ಬೆಂಗಳೂರಿನ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ, ಕೈಗಾ ಅಣುಸ್ಥಾವರಗಳಿವೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ವಿಶ್ವದಾಖಲೆ ಬರೆದದ್ದರ ಹಿಂದೆ ಹಗಲಿರುಳು ಮಾಪಕ ಕಾದವರ ಪಾಲೂ ಇದೆ.

ಹಾಗೆಂದು ಈ ವೃತ್ತಿ ಹೂವಿನ ಹಾಸಿಗೆಯಲ್ಲ. ರಾತ್ರಿ ಪಾಳಿ, ಬಿಸಿ, ದೂಳು ತಪ್ಪಿದ್ದಲ್ಲ. ಸಕ್ಕರೆ ಕಾರ್ಖಾನೆಯ ಉದ್ಯೋಗ ಹಂಗಾಮಿಗೆ ಸೀಮಿತವಾಗುವ, ಗುತ್ತಿಗೆಯ ಪಾಲಾಗುವ ಸಾಧ್ಯತೆ ಹೆಚ್ಚು. ಆರಂಭದ ಸಂಬಳ ಸಾಫ್ಟ್‌ವೇರ್ ಕನಸಿಗೆ ಸರಿಸಾಟಿಯಾಗದು. ಆದರೆ ಅನುಭವಕ್ಕೆ ಬೆಲೆ ಏರುತ್ತಾ ಹೋಗುವ ಕ್ಷೇತ್ರವಿದು. ಒಂದು ಬಾಯ್ಲರ್‌ನ ಹದ ಅರಿತವನಿಗೆ ಗಲ್ಫ್‌ನ ತೈಲ ಘಟಕದಲ್ಲೂ ಅದೇ ತತ್ವ, ಅದೇ 4ರಿಂದ 20 ಮಿಲಿ ಆಂಪಿಯರ್.

ಆಗಬೇಕಾದದ್ದೇನು?

ಮೊದಲನೆಯದಾಗಿ, ಕಬ್ಬಿನ ತೂಕ ಮತ್ತು ಇಳುವರಿಯ ಅಂಕಿ ಆ ಕ್ಷಣವೇ ರೈತನ ಮೊಬೈಲ್‌ಗೂ ಸರ್ಕಾರದ ದಾಖಲೆಗೂ ಒಟ್ಟಿಗೆ ತಲುಪುವ ವ್ಯವಸ್ಥೆ ಬೇಕು. ಉಪಕರಣಗಳ ಕ್ಯಾಲಿಬ್ರೇಶನ್ ಪತ್ರವನ್ನು ಕಾರ್ಖಾನೆಯ ಗೇಟಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಪ್ರಾಮಾಣಿಕ ಕಾರ್ಖಾನೆಗೆ ಅದರಿಂದ ನಷ್ಟವೂ ಇಲ್ಲ. ಬದಲಿಗೆ ವಿಶ್ವಾಸ ದೊರೆಯುತ್ತದೆ.

ಎರಡನೆಯದಾಗಿ, ಮಾನ್ಯತೆ ಪಡೆದ ಕ್ಯಾಲಿಬ್ರೇಶನ್ ಪ್ರಯೋಗಾಲಯವೊಂದು ಬೈಲಹೊಂಗಲ ಅಥವಾ ಕಿತ್ತೂರಿನಂತಹ ಕೇಂದ್ರದಲ್ಲಿ ಬರಬೇಕು. ಕಾರ್ಖಾನೆಗಳು, ನೀರಾವರಿ ನಿಗಮ, ವಿದ್ಯುತ್ ಘಟಕಗಳು ಮೂರೂ ಅದರ ಗ್ರಾಹಕರಾಗಬಲ್ಲವು. ಕಾರ್ಖಾನೆಯ ಹಂಗಾಮು ಮುಗಿದ ತಿಂಗಳುಗಳಲ್ಲೂ ತಂತ್ರಜ್ಞರಿಗೆ ಕೆಲಸ ಸಿಗುವ ದಾರಿ ಇದು.

ಮೂರನೆಯದಾಗಿ, ನಿಯಂತ್ರಣ ಕೊಠಡಿಯ ಪರದೆ ಹಾಗೂ ಎಚ್ಚರಿಕೆ ಸಂದೇಶಗಳು ಕನ್ನಡದಲ್ಲೂ ಇರಬೇಕು. ಇಂದಿನ ತಂತ್ರಾಂಶಗಳಿಗೆ ಇದು ಕಷ್ಟವಲ್ಲ. ಆಪತ್ತಿನ ಕ್ಷಣದಲ್ಲಿ ಇಂಗ್ಲಿಷ್ ಸಂದೇಶವನ್ನು ಅರ್ಥಮಾಡಿಕೊಳ್ಳಲು ತಗಲುವ ಕೆಲವು ಸೆಕೆಂಡುಗಳೂ ದುಬಾರಿಯಾಗಬಲ್ಲವು.

ನಾಲ್ಕನೆಯದಾಗಿ, ಮಲಪ್ರಭಾ ಕಾಲುವೆಗಳಿಗೆ ಯಾವುದೇ ಸ್ವಯಂಚಾಲಿತ ವ್ಯವಸ್ಥೆ ತರುವ ಮುನ್ನ ಅದರ ನಿರ್ವಹಣೆಗೆ ಸ್ಥಳೀಯ ಐಟಿಐ, ಡಿಪ್ಲೊಮಾ ಯುವಕ ಯುವತಿಯರನ್ನು ತರಬೇತುಗೊಳಿಸುವುದನ್ನು ಯೋಜನೆಯ ಭಾಗವಾಗಿಯೇ ಸೇರಿಸಬೇಕು. ನೀರು ಬಳಕೆದಾರರ ಸಂಘಗಳಿಗೆ ತಮ್ಮ ವಿತರಣಾ ಕಾಲುವೆಯ ಅಂಕಿ ನೋಡುವ ಹಕ್ಕಿರಬೇಕು. ಅಳತೆ ಅಧಿಕಾರಿಯ ಕಪಾಟಿನಲ್ಲಿ ಉಳಿದರೆ ಅನುಮಾನ ಹುಟ್ಟುತ್ತದೆ. ಹೊಲದ ಬದುವಿಗೆ ಬಂದರೆ ಚರ್ಚೆ ಸಾಧ್ಯವಾಗುತ್ತದೆ.

1980ರಲ್ಲಿ ಮಲಪ್ರಭೆಯ ರೈತರು ಕೇಳಿದ ಪ್ರಶ್ನೆಗೆ ಅಂದು ಉತ್ತರ ಕೊಡುವ ತಂತ್ರಜ್ಞಾನ ಕೈಗೆಟುಕುವಂತಿರಲಿಲ್ಲ ಎನ್ನಬಹುದು. ಇಂದು ಆ ನೆಪಕ್ಕೆ ಅವಕಾಶವಿಲ್ಲ. ಉಪಕರಣಗಳು ಮಾರುಕಟ್ಟೆಯಲ್ಲಿವೆ, ಕಾನೂನು ಪುಸ್ತಕದಲ್ಲಿದೆ, ಉದ್ಯೋಗ ಅರಸುವ ಯುವಜನರು ಊರಲ್ಲೇ ಇದ್ದಾರೆ. ಈ ಮೂರನ್ನೂ ಬೆಸೆಯುವ ಇಚ್ಛಾಶಕ್ತಿಯನ್ನು ವಿಶ್ವವಿದ್ಯಾಲಯ, ಕಾರ್ಖಾನೆ ಹಾಗೂ ಸರ್ಕಾರ ತೋರದಿದ್ದರೆ ಮುಂದಿನ ಹಂಗಾಮಿನಲ್ಲೂ ಇದೇ ಧರಣಿ, ಇದೇ ಸಂಧಾನ ಸಭೆ ಮರುಕಳಿಸುವುದರಲ್ಲಿ ಸಂಶಯವಿಲ್ಲ.